ಕಿಂಡಿಯೂ ಬಾಗಿಲೂ: ಥೈರಾಯ್ಡ್ ಶಸ್ತ್ರಚಿಕಿತ್ಸೆಯ ತೊಡಕುಗಳನ್ನು ಕುರಿತು



ಈ ಉಪನ್ಯಾಸದ ದತ್ತಿಯನ್ನು ನೆಲೆಗೊಳಿಸಿದವರು ವೈದ್ಯರಾಗಿರಲಿಲ್ಲ. ಹಳ್ಳಿಯ ಶಾಲೆಯೊಂದರಲ್ಲಿ ಗಣಿತವನ್ನು ಕಲಿಸುತ್ತಿದ್ದ ಆ ಹಿರಿಯರು ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ಇಲ್ಲಿಡುವಾಗ ವಿಧಿಸಿದ ಷರತ್ತು ಒಂದೇ: ವರ್ಷಕ್ಕೊಮ್ಮೆ ಯಾವನಾದರೊಬ್ಬ ಕಸುಬುದಾರನು ತನ್ನ ಕಸುಬಿನಲ್ಲಿ ಏನು ತಪ್ಪುತ್ತದೆ, ಏಕೆ ತಪ್ಪುತ್ತದೆ ಎಂಬುದನ್ನು ಆ ಕಸುಬನ್ನರಿಯದವರ ಮುಂದೆ ಕನ್ನಡದಲ್ಲಿ ಹೇಳತಕ್ಕದ್ದು. ತಪ್ಪೊಪ್ಪಿಕೊಳ್ಳುವವನಿಗೆ ವೇದಿಕೆಯನ್ನೂ ಹಾರವನ್ನೂ ಶಾಲನ್ನೂ ಒದಗಿಸುವ ಇಂತಹ ಔದಾರ್ಯ ಬೇರೆಲ್ಲಾದರೂ ಉಂಟೋ ಇಲ್ಲವೋ ನಾನರಿಯೆ. ಮೂರು ದಶಕಗಳಿಗೂ ಮಿಕ್ಕಿ ಜನರ ಕೊರಳ ಮೇಲೆ ಶಸ್ತ್ರವಿಟ್ಟು ಜೀವನ ನಡೆಸಿದ ನನಗೆ ಈ ಕರೆ ಬಂದಾಗ ಒಲ್ಲೆನೆನ್ನಲು ಬಾಯಿ ಬರಲಿಲ್ಲ.

ವಿಷಯವನ್ನು ಮಾತ್ರ ನಾನಾಗಿ ಆರಿಸಿಕೊಂಡುದಲ್ಲ. ಅದನ್ನು ನನ್ನ ಕೈಗಿತ್ತವರು ಕೊಪ್ಪದ ಕಡೆಯ ಅಡಕೆ ಬೆಳೆಗಾರರೊಬ್ಬರು. ಬಿ.ಎಡ್. ಓದುತ್ತಿದ್ದ ಅವರ ಮಗಳಿಗೆ ಥೈರಾಯ್ಡಿನ ಬಲಭಾಗದಲ್ಲಿ ಎರಡೂವರೆ ಸೆಂಟಿಮೀಟರಿನ ಒಂದು ಗಂಟು. ಸೂಜಿ ಪರೀಕ್ಷೆಯಿಂದ ಅದು ಸಾಧುವೋ ದುಷ್ಟವೋ ನಿರ್ಧಾರವಾಗದೆ, ಗ್ರಂಥಿಯ ಆ ಅರ್ಧವನ್ನು ತೆಗೆದೇ ನೋಡಬೇಕೆಂಬ ತೀರ್ಮಾನವಾಗಿತ್ತು. ಕತ್ತಿನ ಮುಂದೆ ಗೆರೆ ಕೊಯ್ದು ತೆಗೆಯುವ ಹಳೆಯ ಕ್ರಮವೊಂದು, ಕೊರಳಿಗೆ ಗಾಯ ಸೋಕದಂತೆ ತುಟಿಯ ಒಳಗಿನಿಂದ ಕೊಳವೆ ತೂರಿಸಿ ತೆಗೆಯುವ ಹೊಸ ಕ್ರಮವೊಂದು, ಹೀಗೆ ಎರಡು ಅಭಿಪ್ರಾಯಗಳ ಎರಡು ಚೀಟಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕಕ್ಕಿಟ್ಟು ಅವರು ಕೇಳಿದರು: "ಡಾಕ್ಟ್ರೇ, ಕತ್ತು ಕೊಯ್ದು ಮಾಡೋದ್ರಲ್ಲಿ ತೊಂದ್ರೆ ಜಾಸ್ತಿಯೋ, ಕಿಂಡೀಲಿ ಮಾಡೋದ್ರಲ್ಲಿ ಜಾಸ್ತಿಯೋ? ಒಂದು ಮಾತಲ್ಲಿ ಹೇಳ್ಬಿಡಿ." ಒಂದು ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ಆಗದೆಹೋದುದೇಕೆ ಎಂಬುದೇ ಇಂದಿನ ಉಪನ್ಯಾಸ.

ಕಿಂಡಿ ಎಂಬ ಅವರ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಪಂಡಿತರು 'ಕನಿಷ್ಠಾಕ್ರಮಣ' ಮೊದಲಾದ ಘನವಾದ ಸಮಾಸಗಳನ್ನು ಕಟ್ಟಿಯಾರು; ಆದರೆ ಉಡುಪಿಯ ಕನಕನ ಕಿಂಡಿಯನ್ನು ಬಲ್ಲ ಜನಕ್ಕೆ, ಬಾಗಿಲಿನಿಂದ ಹೋಗದೆ ಕಿಂಡಿಯಿಂದ ಕಾಣುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಆ ಶಬ್ದವನ್ನೇ ಹಿಡಿದು ನಡೆಯುತ್ತೇನೆ. ಒಂದು ಸಂಗತಿಯನ್ನು ಮಾತ್ರ ಮೊದಲೇ ಹೇಳಿಬಿಡಬೇಕು: ಬಾಗಿಲಿನಿಂದ ಹೋದರೂ ಕಿಂಡಿಯಿಂದ ಹೋದರೂ ಗರ್ಭಗುಡಿ ಒಂದೇ; ಅಲ್ಲಿ ಮುಟ್ಟಬಾರದುದನ್ನು ಮುಟ್ಟಿದರೆ ಆಗುವ ಅನರ್ಥವೂ ಒಂದೇ.

ಆ ಗರ್ಭಗುಡಿಯನ್ನಿಷ್ಟು ನೋಡೋಣ. ಶ್ವಾಸನಾಳವನ್ನು ತಬ್ಬಿಕೊಂಡು, ಚಿಟ್ಟೆಯೊಂದು ರೆಕ್ಕೆ ಹರಡಿ ಕುಳಿತಂತಿರುವ ಈ ಗ್ರಂಥಿಗೆ 1656ರಲ್ಲಿ ಇಂಗ್ಲೆಂಡಿನ ತಾಮಸ್ ವಾರ್ಟನ್ ಗ್ರೀಕರ ಗುರಾಣಿಯ ಹೆಸರನ್ನಿಟ್ಟನು. ಅದನ್ನನುಸರಿಸಿ ಕನ್ನಡದಲ್ಲಿ ವೈದ್ಯಶಾಸ್ತ್ರವನ್ನು ಬರೆದವರು ಗುರಾಣಿಕ ಗ್ರಂಥಿಯೆಂದರು. ಗುರಾಣಿ ಕಾಯುವ ವಸ್ತುವಾದರೆ ಇಲ್ಲಿ ಗುರಾಣಿಯೇ ಕಾಯಿಸಿಕೊಳ್ಳಬೇಕಾದ ಸ್ಥಿತಿ, ಏಕೆಂದರೆ ಅದರ ಬೆನ್ನಿಗಂಟಿಕೊಂಡೇ ಎರಡು ಅಮೂಲ್ಯ ಪದಾರ್ಥಗಳಿವೆ. ಮೊದಲನೆಯದು ಧ್ವನಿಯ ನರ. ಮಿದುಳಿನಿಂದ ಇಳಿಯುವ ದೊಡ್ಡ ನರದಿಂದ ಕವಲೊಡೆದು, ಎಡಗಡೆಯದು ಎದೆಯೊಳಗಿನ ಮಹಾಧಮನಿಯ ಕಮಾನನ್ನು ಸುತ್ತಿ, ಬಲಗಡೆಯದು ಕೊರಳಬುಡದ ಧಮನಿಯನ್ನು ಸುತ್ತಿ, ಮರೆತ ವಸ್ತುವನ್ನು ತರಲು ಮನೆಗೆ ಹಿಂದಿರುಗುವವನಂತೆ ಮತ್ತೆ ಮೇಲಕ್ಕೆ ಬಂದು ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ನೋಡುವುದಕ್ಕೆ ಸಣ್ಣ ಬಿಳಿಯ ದಾರ, ಹೊಲಿಗೆಯ ಅಂಗಡಿಯಲ್ಲಿ ಸಿಕ್ಕುವಂತಹುದು. ಎರಡನೆಯ ಶತಮಾನದ ಗ್ಯಾಲನ್ ವೈದ್ಯನು ಕಿರುಚುತ್ತಿದ್ದ ಹಂದಿಯ ಕೊರಳಿನಲ್ಲಿ ಈ ದಾರವನ್ನು ಕಟ್ಟಿ ಹಂದಿಯನ್ನು ಮೂಕವಾಗಿಸಿ ರೋಮಿನ ದೊಡ್ಡ ಮನುಷ್ಯರನ್ನು ಬೆರಗುಗೊಳಿಸಿದನಂತೆ.

ಎರಡನೆಯ ಪದಾರ್ಥವೆಂದರೆ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಒಂದೊಂದೂ ಅಕ್ಕಿಯ ಕಾಳಿನಷ್ಟು, ತೂಕ ಮೂವತ್ತು ನಾಲ್ವತ್ತು ಮಿಲಿಗ್ರಾಮು, ಬಣ್ಣ ಹಳೆಯ ಬೆಲ್ಲದ ಬಣ್ಣ; ಸುತ್ತಲಿನ ಹಳದಿ ಕೊಬ್ಬಿನ ತುಣುಕುಗಳ ನಡುವೆ ಇವನ್ನು ಗುರುತಿಸುವುದಕ್ಕೆ ಕಣ್ಣು ಪಳಗಲು ವರ್ಷಗಳು ಬೇಕು. ರಕ್ತದ ಕ್ಯಾಲ್ಸಿಯಂ ಇವುಗಳ ಅಧೀನ. ಇವನ್ನು ಮೊದಲು ಕಂಡುದು ಮನುಷ್ಯನಲ್ಲಲ್ಲ, ನಮ್ಮ ದೇಶದಿಂದ ಹೋಗಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಒಂದು ಘೇಂಡಾಮೃಗದಲ್ಲಿ. ಅದರ ಭಾರೀ ದೇಹವನ್ನು ಛೇದಿಸಿದ ರಿಚರ್ಡ್ ಓವನ್ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇದನ್ನು ವರದಿ ಮಾಡಿದನು. ಮನುಷ್ಯರಲ್ಲಿ ಇವು ಇವೆಯೆಂದು 1880ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ಉಪ್ಸಲದ ತರುಣ ಇವಾರ್ ಸ್ಯಾಂಡ್‌ಸ್ಟ್ರಮ್. ಯಾರೂ ಕಿವಿಗೊಡಲಿಲ್ಲ. ಕಿವಿಗೊಡದೆ ಹೋದುದರ ಬೆಲೆಯನ್ನು ರೋಗಿಗಳು ತೆತ್ತರು.

ಆ ಕಾಲಕ್ಕೆ ಗಳಗಂಡದ ಶಸ್ತ್ರಚಿಕಿತ್ಸೆಯೆಂದರೆ ಬಹುಮಟ್ಟಿಗೆ ಮರಣವೇ. ಅಮೆರಿಕದ ಪ್ರಸಿದ್ಧ ಶಸ್ತ್ರವೈದ್ಯ ಸ್ಯಾಮ್ಯುಯಲ್ ಗ್ರಾಸ್ 1866ರಲ್ಲಿ ಇದನ್ನು ಕಟುಕತನವೆಂದೇ ಕರೆದು, ಪ್ರಾಮಾಣಿಕನೂ ವಿವೇಕಿಯೂ ಆದ ವೈದ್ಯನು ಇದರ ಗೋಜಿಗೆ ಹೋಗಲಾರನೆಂಬರ್ಥದಲ್ಲಿ ಬರೆದನು. ಉದರ ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಬಿಲ್ರೋತನೇ ಜ್ಯೂರಿಕ್ಕಿನಲ್ಲಿದ್ದಾಗ ಹತ್ತು ರೋಗಿಗಳಲ್ಲಿ ಸುಮಾರು ನಾಲ್ವರನ್ನು ಕಳೆದುಕೊಂಡು, ಕೆಲವು ಕಾಲ ಈ ಶಸ್ತ್ರಕ್ರಿಯೆಯನ್ನೇ ಕೈಬಿಟ್ಟನು. ಈ ಭೀಕರವಾದ ಲೆಕ್ಕವನ್ನು ಬದಲಿಸಿದವನು ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಕರ್. ಆಲ್ಪ್ಸ್ ಪರ್ವತಗಳ ನೀರಿನಲ್ಲೂ ಮಣ್ಣಿನಲ್ಲೂ ಅಯೋಡಿನ್ ಇಲ್ಲದ ಕಾರಣ, ನಮ್ಮ ಹಿಮಾಲಯದ ತಪ್ಪಲಿನಲ್ಲಿದ್ದಂತೆಯೇ, ಅಲ್ಲಿ ಗಳಗಂಡ ಮನೆಮಾತಾಗಿತ್ತು. ಕೋಕರ್ ಒಂದೊಂದು ರಕ್ತನಾಳವನ್ನೂ ಬೇರೆ ಬೇರೆಯಾಗಿ ಹಿಡಿದು ಕಟ್ಟುತ್ತ, ಕೊಕೇನಿನಿಂದ ಕೊರಳಷ್ಟನ್ನೇ ಮರಗಟ್ಟಿಸಿ ರೋಗಿಯನ್ನು ಮಾತನಾಡಿಸುತ್ತ, ಧ್ವನಿ ಬದಲಾದೊಡನೆ ಕೈ ತಡೆಯುತ್ತ, ಐದು ಸಾವಿರಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳನ್ನು ನಡೆಸಿ, ಮರಣದ ಪ್ರಮಾಣವನ್ನು ಶೇಕಡ 1ಕ್ಕಿಂತ ಕೆಳಗಿಳಿಸಿದನು. 1909ರಲ್ಲಿ ನೊಬೆಲ್ ಬಹುಮಾನ ಬಂದಿತು.

ಆದರೆ ನನ್ನ ಪಾಲಿಗೆ ಕೋಕರ್ ಪೂಜ್ಯನಾದುದು ಈ ಗೆಲವುಗಳಿಂದಲ್ಲ. 1874ರಲ್ಲಿ ಅವನು ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಿದ್ದನು. ಗಾಯ ಮಾದಿತು, ಹುಡುಗಿ ಮನೆಗೆ ಹೋದಳು, ಪುಸ್ತಕದಲ್ಲಿ ಯಶಸ್ಸೆಂದು ದಾಖಲಾಯಿತು. ವರ್ಷಗಳು ಕಳೆದ ಮೇಲೆ, ಅವಳನ್ನು ಕಳಿಸಿಕೊಟ್ಟಿದ್ದ ಊರಿನ ವೈದ್ಯನು ಅವಳಲ್ಲಾದ ಮಾರ್ಪಾಟನ್ನು ಎತ್ತಿ ಹೇಳಿದನು. ಜಿನೀವಾದ ರೆವೆರ್ದಾಂ 1882ರಲ್ಲಿ ತನ್ನ ರೋಗಿಗಳಲ್ಲಿಯೂ ಅದನ್ನೇ ಕಂಡೆನೆಂದನು. ಕೋಕರ್ ತನ್ನ ಹಳೆಯ ರೋಗಿಗಳನ್ನೆಲ್ಲ ಪತ್ರ ಬರೆದು ಕರೆಸಿದನು. ಬಂದವರಲ್ಲಿ ಆ ಹುಡುಗಿಯೂ ಇದ್ದಳು: ತಂಗಿ ಬೆಳೆದು ಹೆಂಗಸಾಗಿ ನಿಂತಿದ್ದರೆ ಅಕ್ಕ ಕುಬ್ಜಳಾಗಿ, ಮುಖ ಊದಿ, ಬುದ್ಧಿ ಮಂದವಾಗಿ ಅವಳ ಪಕ್ಕದಲ್ಲಿ. ಗ್ರಂಥಿಯನ್ನು ಸಂಪೂರ್ಣವಾಗಿ ತೆಗೆಸಿಕೊಂಡು ಪರೀಕ್ಷೆಗೆ ಬಂದ ಹದಿನೆಂಟು ಮಂದಿಯಲ್ಲಿ ಹದಿನಾರು ಮಂದಿಯ ಗತಿ ಇದೇ ಆಗಿತ್ತು. ಥೈರಾಯ್ಡ್ ಏನು ಮಾಡುತ್ತದೆಂದು ಜಗತ್ತು ತಿಳಿದುದು ಹೀಗೆ. ತನ್ನ ಕೈಯ ಅತಿ ನಿರ್ಮಲವಾದ ಕೆಲಸವೇ ಅತಿ ದೊಡ್ಡ ಹಾನಿಯನ್ನು ಮಾಡಿತ್ತೆಂದು ಕೋಕರ್ 1883ರಲ್ಲಿ ವೃತ್ತಿಬಾಂಧವರ ಸಭೆಯಲ್ಲಿ ಎದ್ದುನಿಂತು ಹೇಳಿದುದೂ ಹೀಗೆ. ಬಿಲ್ರೋತನ ರೋಗಿಗಳಿಗೆ ಈ ಜಾಡ್ಯ ಬರದೆ ಕೈಕಾಲುಗಳ ಸೆಳವು ಬರುತ್ತಿತ್ತು. ಇಬ್ಬರನ್ನೂ ಬಲ್ಲ ಅಮೆರಿಕದ ಹಾಲ್‌ಸ್ಟೆಡ್ ಮುಂದೆ ಇದಕ್ಕೆ ಕೊಟ್ಟ ವಿವರಣೆ ಸೊಗಸಾದುದು: ಕೋಕರನದು ನಿಧಾನವಾದ, ರಕ್ತ ಕಾಣದ ಕೈ, ಗ್ರಂಥಿಯನ್ನು ಪೂರ್ತಿ ತೆಗೆದು ನೆರೆಯನ್ನು ಕೆಡಿಸುತ್ತಿರಲಿಲ್ಲ, ಬಿಲ್ರೋತನದು ವೇಗದ ಕೈ, ಗ್ರಂಥಿಯ ಚೂರನ್ನು ಉಳಿಸಿ ಬೆನ್ನ ಹಿಂದಿನ ಆ ಬೆಲ್ಲದ ಕಾಳುಗಳನ್ನು ಕೆಡಿಸುತ್ತಿತ್ತು. ಶಸ್ತ್ರಕ್ರಿಯೆ ಒಂದೇ, ಬಾಗಿಲೂ ಒಂದೇ, ತೊಡಕುಗಳು ಮಾತ್ರ ಕೈಗೊಂದೊಂದು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಅದಕ್ಕೆ ಮತ್ತೆ ಬರುವೆನು.

ಬಾಗಿಲಿನ ಕ್ರಮದಲ್ಲಿ ಇಂದಿಗೂ ಉಳಿದಿರುವ ಉಪದ್ರವಗಳು ಮುಖ್ಯವಾಗಿ ಮೂರು: ರಕ್ತಸ್ರಾವ, ಧ್ವನಿಯ ನರದ ಹಾನಿ, ಕ್ಯಾಲ್ಸಿಯಮ್ಮಿನ ಕೊರತೆ. ಆಯುರ್ವೇದದವರ ಈ 'ಉಪದ್ರವ' ಎಂಬ ಶಬ್ದ ಎಷ್ಟು ಸಾರ್ಥಕ! ಮೂಲವ್ಯಾಧಿಯಲ್ಲದೆ, ಅದರ ಬೆನ್ನಿಗೆ ಬಂದು ಕಾಡುವುದು.

ಮೊದಲನೆಯದು ರಕ್ತಸ್ರಾವ. ಇದರ ವಿಷಯವಾಗಿ ನಾನು ಅಂಕಿಗಳನ್ನು ಹೇಳುವ ಮೊದಲು ಒಂದು ರಾತ್ರಿಯನ್ನು ಹೇಳಬೇಕು. ನನ್ನ ವೃತ್ತಿಯ ಆರಂಭದ ದಿನಗಳಲ್ಲಿ, ಹೆಸರು ಹೇಳಬೇಕಾಗಿಲ್ಲದ ಒಂದು ಆಸ್ಪತ್ರೆಯಲ್ಲಿ, ಮಧ್ಯಾಹ್ನ ದೊಡ್ಡ ಗಳಗಂಡವೊಂದನ್ನು ತೆಗೆದು, ತೃಪ್ತನಾಗಿ ಮನೆಗೆ ಹೋಗಿ ಊಟಕ್ಕೆ ಕುಳಿತಿದ್ದೆ. ವಾರ್ಡಿನ ಸಿಸ್ಟರು ಫೋನು ಮಾಡಿ, "ಸಾರ್, ಆಯಮ್ಮ ಮಲಗ್ತಾ ಇಲ್ಲ, ಎದ್ದು ಕೂತ್ಕೊಂಡಿದಾರೆ, ಯಾಕೋ ಚಡಪಡಿಸ್ತಾರೆ" ಎಂದರು. ನೋವಿರಬೇಕೆಂದೆ. ಕಾಲು ಗಂಟೆಗೆ ಮತ್ತೊಮ್ಮೆ ಫೋನು. ಓಡಿಹೋಗಿ ನೋಡಿದರೆ ಕತ್ತು ಗಡುಸಾಗಿ ಉಬ್ಬಿತ್ತು, ಉಸಿರಿಗೆ ಸೀಟಿಯ ಶಬ್ದ ಬಂದಿತ್ತು. ಹೊಲಿಗೆ ಬಿಚ್ಚುವುದಕ್ಕೆ ಕತ್ತರಿ ಕೇಳಿದೆ. ಮಂಚದ ಬಳಿ ಇರಲಿಲ್ಲ. ತರಲು ಹೋದವರು ಬರುವಷ್ಟರಲ್ಲಿ ಕಳೆದ ಒಂದೆರಡು ನಿಮಿಷಗಳನ್ನು ನಾನು ಇಂದಿಗೂ ಎಣಿಸುತ್ತಿದ್ದೇನೆ. ಕೊನೆಗೆ ಹಾಸಿಗೆಯ ಮೇಲೆಯೇ ಹೊಲಿಗೆಗಳನ್ನು ಕತ್ತರಿಸಿ ಗಾಯವನ್ನು ತೆರೆದಾಗ ಹೆಪ್ಪುಗಟ್ಟಿದ ರಕ್ತ ಹಾಲುಬಾಯಿಯ ತುಂಡಿನಂತೆ ಜಾರಿ ಹೊರಬಿದ್ದಿತು. ಆಕೆ ಒಂದು ದೀರ್ಘವಾದ ಉಸಿರನ್ನೆಳೆದುಕೊಂಡಳು. ಬದುಕಿದಳು. ಅಂದಿನಿಂದ ನನ್ನ ರೋಗಿಗಳ ಮಂಚದ ತಲೆದೆಸೆಗೆ ಒಂದು ಕತ್ತರಿಯ ತಟ್ಟೆ ತಪ್ಪಿದ್ದಿಲ್ಲ. ಮಲಗಲೊಲ್ಲದ ರೋಗಿಯನ್ನು ನಾನು ಎಂದೂ ಫೋನಿನಲ್ಲಿ ಸಮಾಧಾನಪಡಿಸಿದ್ದಿಲ್ಲ.

2008ರಲ್ಲಿ ಸ್ಕ್ಯಾಂಡಿನೇವಿಯಾದ ಹಲವು ಆಸ್ಪತ್ರೆಗಳು ಕೂಡಿ 3,660 ರೋಗಿಗಳ ಲೆಕ್ಕವನ್ನು ಪ್ರಕಟಿಸಿದವು. ಅವರಲ್ಲಿ ರಕ್ತಸ್ರಾವಕ್ಕಾಗಿ ಮತ್ತೆ ಗಾಯ ತೆರೆಯಬೇಕಾದುದು ಶೇಕಡ 2.1ರಷ್ಟು ಮಂದಿಗೆ. ಧ್ವನಿಯ ನರ ಒಂದು ಬದಿ ದುರ್ಬಲವಾದುದು ಶೇಕಡ 3.9, ಆರು ತಿಂಗಳ ಮೇಲೂ ಉಳಿದುದು ಶೇಕಡ 1ರ ಆಸುಪಾಸು. ಎರಡೂ ಬದಿಯ ಗ್ರಂಥಿಯನ್ನು ತೆಗೆಸಿಕೊಂಡವರಲ್ಲಿ ಆರು ತಿಂಗಳಾದ ಮೇಲೂ ಕ್ಯಾಲ್ಸಿಯಂ ಸಲುವಾಗಿ ಔಷಧವನ್ನು ಬಿಡಲಾರದವರು ಶೇಕಡ 4.4. ಇದೇ ಲೆಕ್ಕದೊಳಗೆ ಒಂದು ಸಣ್ಣ ಸಂಗತಿ ಅಡಗಿದೆ: ಎಲ್ಲ ರೋಗಿಗಳ ಧ್ವನಿತಂತುಗಳನ್ನೂ ತಪ್ಪದೆ ಕನ್ನಡಿಯಿಟ್ಟು ಪರೀಕ್ಷಿಸಿದ ಕಡೆ ನರದ ದೌರ್ಬಲ್ಯ ಹೆಚ್ಚಾಗಿ ಕಂಡುಬಂದಿತು. ನೋಡಿದವರು ಕೆಟ್ಟ ವೈದ್ಯರೆಂದಲ್ಲ, ನೋಡದವರಿಗೆ ಕಾಣಲಿಲ್ಲವೆಂದು ಅದರ ಅರ್ಥ. ಒಂದು ಬದಿಯ ತಂತು ಸೋತರೂ ಇನ್ನೊಂದು ಬದಿಯದು ಸರಿದು ಬಂದು ಸಂಗಡಿಗನ ಕೆಲಸವನ್ನೂ ಮಾಡಿಕೊಡುವುದುಂಟು. ಅಂತಹ ರೋಗಿಯ ಮಾತು ಕೇಳಿ ಎಲ್ಲ ಸರಿಯಾಗಿದೆಯೆಂದು ಬರೆದುಕೊಳ್ಳುವ ವೈದ್ಯನ ಶೇಕಡಾವಾರು ಬಹಳ ಸುಂದರವಾಗಿರುತ್ತದೆ.

ಇನ್ನು ಕಿಂಡಿಗಳ ಮಾತು. ಪಿತ್ತಕೋಶವನ್ನು ಕೊಳವೆಗಳ ಮೂಲಕ ತೆಗೆಯುವುದು ರೂಢಿಗೆ ಬಂದ ಮೇಲೆ ಶಸ್ತ್ರವೈದ್ಯರ ಕಣ್ಣು ಕೊರಳ ಮೇಲೆ ಬಿದ್ದುದು ಸಹಜವೇ. 1996ರಲ್ಲಿ ಮಿಷೆಲ್ ಗಾನ್ಯೆ ಪ್ಯಾರಾಥೈರಾಯ್ಡನ್ನೂ, 1997ರಲ್ಲಿ ಇಟಲಿಯ ಹ್ಯೂಷರ್ ಥೈರಾಯ್ಡಿನ ಒಂದು ಭಾಗವನ್ನೂ ಎಂಡೋಸ್ಕೋಪಿನಿಂದ ತೆಗೆದು ವರದಿ ಮಾಡಿದರು. ಪೀಸಾ ನಗರದ ಮಿಕ್ಕೊಲಿ ಕತ್ತಿನ ಮುಂದೆಯೇ ಒಂದೂವರೆ ಎರಡು ಸೆಂಟಿಮೀಟರಿನ ಕಿರುಗಾಯವನ್ನು ಮಾಡಿ, ಅದರೊಳಗೆ ತೆಳುವಾದ ದುರ್ಬೀನನ್ನಿಳಿಸಿ ಕೆಲಸ ಮುಗಿಸುವ ಕ್ರಮವನ್ನು ರೂಪಿಸಿದನು. ಇದು ಕಿಂಡಿಯೆನ್ನುವುದಕ್ಕಿಂತ ಬಾಗಿಲನ್ನು ಅರೆ ತೆರೆದಂತೆ. ಜಪಾನು, ಕೊರಿಯಾ ದೇಶದವರು ಇನ್ನೂ ದೂರ ಹೋದರು. ಕೊರಳ ಮೇಲಿನ ಕಲೆಯನ್ನು ಅಲ್ಲಿಯ ಸಮಾಜ ಸಹಿಸದು. ಕಲೆಗಳು ಉಬ್ಬಿ ಬೆಳೆಯುವ ಚರ್ಮದವರೂ ಅಲ್ಲಿ ಹೆಚ್ಚು. ಆದ್ದರಿಂದ ಕಂಕುಳಿನಿಂದ, ಎದೆಯಿಂದ ದಾರಿ ತೋಡಿದರು. ಸೋಲಿನ ಚುಂಗ್ ಮತ್ತವನ ಸಂಗಡಿಗರು 2007ರಿಂದ ಯಂತ್ರದ ತೋಳುಗಳನ್ನು ಕಂಕುಳಿನಿಂದ ಕೊರಳಿಗೆ ಹಾಯಿಸಿದರು. ಬ್ಯಾಂಕಾಕಿನ ಅಂಗ್‌ಕೂನ್ ಅನುವೋಂಗ್ ಕೆಳತುಟಿಯ ಒಳಬದಿಯಲ್ಲಿ ಮೂರು ಸಣ್ಣ ಗಾಯಗಳನ್ನು ಮಾಡಿ, ಗದ್ದದ ಎಲುಬಿನ ಮುಂದಿನಿಂದ ಚರ್ಮದಡಿ ಇಳಿದು, ಅಂಗಾರಾಮ್ಲವಾಯುವನ್ನು ಮೆಲ್ಲನೆ ಊದಿ ಎಡೆ ಮಾಡಿಕೊಂಡು ಗ್ರಂಥಿಯನ್ನು ತಲಪುವ ಕ್ರಮದಲ್ಲಿ 60 ರೋಗಿಗಳ ಅನುಭವವನ್ನು 2016ರಲ್ಲಿ ಪ್ರಕಟಿಸಿದ ಮೇಲೆ, ಈ ಮುಖಮಾರ್ಗ ಬೇಗನೆ ನಾನಾ ದೇಶಗಳಿಗೆ ಹಬ್ಬಿ, ನಮ್ಮ ನಾಡಿನ ದೊಡ್ಡ ನಗರಗಳಿಗೂ ಬಂದಿದೆ.

ಕಲೆಯ ಚಿಂತೆ ಕ್ಷುಲ್ಲಕವೆಂದು ನಗುವ ಹಿರಿಯ ವೈದ್ಯರ ಸಾಲಿನಲ್ಲಿ ನಾನು ಒಮ್ಮೆ ಇದ್ದೆ, ಈಗ ಇಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಸೆರಗನ್ನು ಕೊರಳಿಗೆ ಸುತ್ತಿ ಕುಳಿತ ಹುಡುಗಿಯರನ್ನು ನಾನು ಬಲ್ಲೆ. ಮದುವೆಯಾದವಳಿಗೆ ಕರಿಮಣಿಯ ಸರ ಆ ಗೆರೆಯನ್ನು ಮುಚ್ಚುವುದುಂಟು. ಆಗದವಳಿಗೆ ಅದೇ ಗೆರೆ ಮದುವೆಗೆ ಅಡ್ಡಿಯೆಂದು ತಾಯಂದಿರು ಹೆದರುವುದುಂಟು. ರೋಗಿಯ ಪಾಲಿಗೆ ಕಲೆಯೂ ಒಂದು ಉಪದ್ರವವೇ, ನಮ್ಮ ಪಟ್ಟಿಯಲ್ಲಿ ಅದಕ್ಕೊಂದು ಕಲಮು ಇಲ್ಲವೆಂದ ಮಾತ್ರಕ್ಕೆ ಅದು ಇಲ್ಲವಾಗದು.

ಆದರೆ ಚರ್ಮದ ಮೇಲಿನ ಗಾಯದ ಉದ್ದ ಬೇರೆ, ಒಳಗಿನ ಗಾಯದ ಹರವು ಬೇರೆ. ಕಂಕುಳಿನಿಂದ ಹೋಗುವವನು ಐದಾರು ಸೆಂಟಿಮೀಟರು ಕೊಯ್ದು, ಎದೆಯ ಸ್ನಾಯುವಿನ ಮೇಲಿಂದ ಕತ್ತಿನವರೆಗೂ ಚರ್ಮವನ್ನು ಬಿಡಿಸಿಕೊಂಡು ಹೋಗಬೇಕು. ಬಾಗಿಲಿನಿಂದ ಎರಡು ಹೆಜ್ಜೆಗೆ ಸಿಕ್ಕುವ ದೇವರಿಗೆ ಊರ ಸುತ್ತ ಪ್ರದಕ್ಷಿಣೆ. ಇದನ್ನು ಕಿರಿದಾದ ಆಕ್ರಮಣವೆಂದು ಕರೆಯುವುದು ಶಬ್ದಕ್ಕೆ ಮಾಡುವ ಅನ್ಯಾಯ. ದೂರದ ಆಕ್ರಮಣವೆಂದರೆ ಒಪ್ಪುತ್ತದೆ. ಈ ದೂರಕ್ಕೆ ತಕ್ಕ ಹೊಸ ಉಪದ್ರವಗಳೂ ಹುಟ್ಟಿವೆ, ಬಾಗಿಲಿನವರು ಕಂಡು ಕೇಳರಿಯದವು. ತೋಳನ್ನು ಮೇಲೆತ್ತಿ ಕಟ್ಟಿದ ಭಂಗಿಯಿಂದ ತೋಳಿನ ನರಗಳ ಕಟ್ಟು ಜಗ್ಗಿ ಕೈ ಸೋಲುವುದು. ಎದೆಯ ಚರ್ಮ ತಿಂಗಳುಗಟ್ಟಲೆ ಜೋಮು ಹಿಡಿಯುವುದು. ಊದಿದ ವಾಯು ಹರಿದ ಸಿರೆಯೊಳಗೆ ನುಗ್ಗಿ ಹೃದಯದಲ್ಲಿ ಗುಳ್ಳೆಯಾಗಿ ನಿಲ್ಲುವುದು, ಇದು ಬಹು ವಿರಳ ಆದರೆ ಕ್ಷಣದಲ್ಲಿ ಪ್ರಾಣಕ್ಕೇ ಬರತಕ್ಕದ್ದು. ಬಿಸಿ ಉಪಕರಣ ತಾಗಿ ಶ್ವಾಸನಾಳಕ್ಕೆ ರಂಧ್ರವಾಗುವುದು. ಗ್ರಂಥಿಯ ಕಣಗಳು ಬಂದ ದಾರಿಯಲ್ಲಿ ಉದುರಿ ಅಲ್ಲಿಯೇ ಬೇರೂರುವುದು. ಮುಖಮಾರ್ಗದಲ್ಲಿ ಗದ್ದದ ನರಕ್ಕೆ ಪೆಟ್ಟಾಗಿ ಕೆಳತುಟಿ, ಗದ್ದ ಮರಗಟ್ಟುವುದು. ಇದಲ್ಲದೆ ನಾನು ಹೇಳಿದ ಆ ರಾತ್ರಿಯನ್ನು ಇಲ್ಲಿ ನೆನೆದುಕೊಳ್ಳಿ. ಕತ್ತಿನಲ್ಲಿ ಹೊಲಿಗೆಯೇ ಇಲ್ಲದ ರೋಗಿ ಎದ್ದು ಕುಳಿತು ಚಡಪಡಿಸಿದರೆ, ಪಾಳಿಯಲ್ಲಿರುವ ಎಳೆಯ ವೈದ್ಯನು ಕಲೆಯಾಗಬಾರದೆಂದೇ ಇಷ್ಟೆಲ್ಲ ಮಾಡಿದ ಆ ಅಕ್ಷತ ಕೊರಳಿಗೆ ಹೊಸದಾಗಿ ಚಾಕು ಹಚ್ಚಬೇಕು. ಕೈ ತಡೆಯದಿದ್ದೀತೆ?

ಹಾಗಾದರೆ ಕಿಂಡಿ ಕೆಟ್ಟದ್ದೋ? ಅಲ್ಲ. ಮಿಕ್ಕೊಲಿಯ ಕ್ರಮವನ್ನು ಬಾಗಿಲಿನ ಕ್ರಮದೊಡನೆ ಚೀಟಿಯೆತ್ತಿ ಹೋಲಿಸಿದ ಪ್ರಯೋಗಗಳಲ್ಲಿ ನೋವು ಕಡಿಮೆ, ಕಲೆಯ ವಿಷಯದಲ್ಲಿ ರೋಗಿಗೆ ಸಮಾಧಾನ ಹೆಚ್ಚು, ಹಿಡಿಯುವ ಕಾಲ ಹೆಚ್ಚು, ನರದ ಮತ್ತು ಕ್ಯಾಲ್ಸಿಯಮ್ಮಿನ ತೊಡಕುಗಳು ಹೆಚ್ಚುಕಡಿಮೆ ಸಮ ಎಂದು ಕಂಡಿದೆ. ಈ 'ಸಮ' ಎಂಬ ಅಕ್ಷರದ್ವಯವನ್ನು ಓದುವ ರೀತಿಯನ್ನು ಗಣಿತದ ಮೇಷ್ಟರ ದತ್ತಿಯಲ್ಲಿ ಹೇಳದೆ ಹೋದರೆ ತಪ್ಪಾದೀತು.

ಒಬ್ಬ ವೈದ್ಯನು ನೂರು ಮಂದಿಗೆ ಕಿಂಡಿಯಿಂದ ಮಾಡಿ, ಒಬ್ಬರಿಗೂ ಧ್ವನಿ ಹೋಗಲಿಲ್ಲವೆಂದು ಪ್ರಕಟಿಸಿದನೆನ್ನಿ. ಹಾನಿ ಶೂನ್ಯವೆಂದು ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಸಂಖ್ಯಾಶಾಸ್ತ್ರದಲ್ಲಿ ಮೂರರ ಸೂತ್ರವೊಂದುಂಟು: ನೂರರಲ್ಲಿ ಒಂದೂ ಆಗದಿದ್ದರೆ ನಿಜವಾದ ಪ್ರಮಾಣ ನೂರಕ್ಕೆ ಮೂರರವರೆಗೂ ಇದ್ದಿರಬಹುದು. ಬಾಗಿಲಿನವರ ಶಾಶ್ವತ ಹಾನಿ ನೂರಕ್ಕೆ ಒಂದೆರಡು ಆಗಿರುವಾಗ ಈ ಶೂನ್ಯ ಏನನ್ನು ಸಾಧಿಸಿತು? ನೂರಕ್ಕೆ ಒಂದಿರುವ ಹಾನಿ ಎರಡಾಯಿತೇ ಎಂಬುದನ್ನು ಸಾಮಾನ್ಯ ವಿಶ್ವಾಸದಿಂದ ಹೇಳಬೇಕಾದರೆ ಒಂದೊಂದು ಪಂಗಡದಲ್ಲಿಯೂ ಸುಮಾರು 2,300 ಮಂದಿ ಬೇಕು. ಮೂವತ್ತು ಈ ಕಡೆ, ಮೂವತ್ತು ಆ ಕಡೆ ಇಟ್ಟುಕೊಂಡು "ಗಣನೀಯ ಅಂತರವಿಲ್ಲ" ಎಂದು ಬರೆಯುವುದು, ಅಡಕೆ ಮಂಡಿಯ ತಕ್ಕಡಿಯಲ್ಲಿ ಮೂಗುಬಟ್ಟುಗಳನ್ನು ತೂಗಿ ಎರಡೂ ಸಮತೂಕವೆಂದಂತೆ.

ಇದಕ್ಕಿಂತ ಮೋಸದ್ದು ರೋಗಿಗಳ ಆಯ್ಕೆ. ಮಿಕ್ಕೊಲಿಯ ಕ್ರಮಕ್ಕೆ ಗಂಟು ಸುಮಾರು 3 ಸೆಂಟಿಮೀಟರಿನೊಳಗೆ, ಗ್ರಂಥಿಯ ಗಾತ್ರ 25 ಮಿಲಿಲೀಟರಿನ ಆಸುಪಾಸಿನಲ್ಲಿ ಇರಬೇಕು. ಉರಿಯೂತವಿರಬಾರದು, ಹಿಂದೆ ಶಸ್ತ್ರ ತಗುಲಿರಬಾರದು. ದೂರಮಾರ್ಗಗಳಿಗಂತೂ ಎಳೆಯ ವಯಸ್ಸು, ತೆಳುವಾದ ಮೈಕಟ್ಟು ಇದ್ದರೆ ಲೇಸು. ಎದೆಯೊಳಕ್ಕಿಳಿದು ಕುಳಿತ ಮುದುಕಿಯ ಗಳಗಂಡ, ನರವನ್ನು ಅಪ್ಪಿಕೊಂಡ ಕ್ಯಾನ್ಸರು, ಹತ್ತು ವರ್ಷದ ಹಿಂದೆ ಯಾರೋ ಅರ್ಧ ತೆಗೆದು ಬಿಟ್ಟ ಗಂಟು, ಇವೆಲ್ಲ ಬಾಗಿಲಿಗೇ ಬರಬೇಕು. ಹಾಗೆ ಬಂದವರ ಹಾನಿಯನ್ನು ಬಾಗಿಲಿನ ಲೆಕ್ಕಕ್ಕೆ ಬರೆದು, ಕಿಂಡಿಯ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಕಿಂಡಿ ಗೆಲ್ಲದೆ ಇನ್ನೇನು? ಇತ್ತ ಬಾಗಿಲಿನವರಾದ ನಾವೂ ಸಾಚಾಗಳಲ್ಲ: ಹೊಸ ಕ್ರಮವನ್ನು ಕಲಿಯುತ್ತಿರುವವನ ಮೊದಲ ಮೂವತ್ತು ನಲವತ್ತು ಶಸ್ತ್ರಕ್ರಿಯೆಗಳನ್ನು ನಮ್ಮ ಮೂವತ್ತು ವರ್ಷದ ಕೈಯೊಡನೆ ಹೋಲಿಸಿ ಮೀಸೆ ತಿರುವುತ್ತೇವೆ.

ಕೈಯ ಮಾತಿಗೆ ಬರುವೆನೆಂದಿದ್ದೆ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಪೂರ್ಣ ಥೈರಾಯ್ಡನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ವರ್ಷಕ್ಕೆ 25ಕ್ಕಿಂತ ಹೆಚ್ಚು ಮಾಡುವವರ ರೋಗಿಗಳಿಗೆ ತೊಡಕು ಕಡಿಮೆಯೆಂದು ತೋರಿಸಿತು; ಅದರಲ್ಲಿ ಲೆಕ್ಕಕ್ಕೆ ಬಂದ ಶಸ್ತ್ರವೈದ್ಯರಲ್ಲಿ ಅರ್ಧದಷ್ಟು ಮಂದಿ ವರ್ಷಕ್ಕೆ ಮಾಡುತ್ತಿದ್ದುದು ಒಂದೇ ಒಂದು. ಕೋಕರ್ ಬಿಲ್ರೋತರ ಅಂತರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನರವನ್ನು ವಿದ್ಯುತ್ತಿನಿಂದ ಪರೀಕ್ಷಿಸುತ್ತ ಹೋಗುವ ಯಂತ್ರಗಳು ಬಂದಿವೆ, ಒಳ್ಳೆಯವೇ. ಕೈ ಪಳಗದವನ ಕೈಯನ್ನು ಅವು ಪಳಗಿಸಲಾರವು.

ಪಟ್ಟಿಗೆ ಬಾರದ ಹಾನಿಗೆ ಒಂದು ಉದಾಹರಣೆಯನ್ನು ಹೇಳಲೇಬೇಕು, ಅದು ನನ್ನದೇ ಕೈಯದು. ಕುಮಾರವ್ಯಾಸ ಭಾರತವನ್ನು ಓದುತ್ತಿದ್ದ ಗಮಕಿಯೊಬ್ಬರಿಗೆ ಬಾಗಿಲಿನ ಕ್ರಮದಲ್ಲಿ ಎಡಭಾಗವನ್ನು ತೆಗೆದಿದ್ದೆ. ರಕ್ತಸ್ರಾವವಿಲ್ಲ, ಕನ್ನಡಿಯಲ್ಲಿ ಎರಡು ತಂತುಗಳೂ ಚೆನ್ನಾಗಿ ಆಡುತ್ತಿದ್ದವು, ಮಾತು ಸ್ವಚ್ಛ. ತೊಡಕಿಲ್ಲವೆಂದು ಬರೆದೆ. ನಾಲ್ಕು ತಿಂಗಳ ಮೇಲೆ ಆಕೆ ಬಂದು, ಏನನ್ನೂ ದೂರದೆ, ನನ್ನ ಕೋಣೆಯಲ್ಲಿ ಕುಳಿತು ಭಾಮಿನಿಯ ಒಂದು ಪದ್ಯವನ್ನು ಎತ್ತಿಕೊಂಡರು. ಮಧ್ಯಸ್ಥಾಯಿಯಲ್ಲಿ ತುಂಬಿ ಬಂದ ಕಂಠ, ಮೇಲಿನ ಷಡ್ಜದ ಹತ್ತಿರ ಹೋಗಿ, ಎಟುಕದ ಹೂವಿಗೆ ಕೈಚಾಚಿದ ಮಗುವಿನಂತೆ ನಿಂತುಬಿಟ್ಟಿತು. "ಇಷ್ಟೇ ಡಾಕ್ಟರೇ, ಇಲ್ಲಿಂದ ಮೇಲೆ ಹೋಗೋದಿಲ್ಲ" ಎಂದರು. ಗ್ರಂಥಿಯ ಮೇಲ್ತುದಿಯ ರಕ್ತನಾಳಗಳ ಬಳಿ ಹಾಯುವ ಇನ್ನೊಂದು ಸಣ್ಣ ನರವುಂಟು, ತಂತುವನ್ನು ಬಿಗಿಯುವುದು ಅದರ ಕೆಲಸ. ಅದನ್ನು ನಾನು ನೋಡಿರಲಿಲ್ಲ. 1935ರಲ್ಲಿ ಷಿಕಾಗೋದಲ್ಲಿ ಗಳಗಂಡವನ್ನು ತೆಗೆಸಿಕೊಂಡ ಒಪೆರಾ ಗಾಯಕಿ ಗಾಲಿ-ಕುರ್ಚಿಯ ಕಂಠ ಹೋದುದು ಈ ನರದಿಂದಲೇ ಎಂಬ ಕಥೆ ನಮ್ಮ ಪಠ್ಯಗಳಲ್ಲಿ ಬಹಳ ಕಾಲ ಓಡಾಡಿತು. ಈಚಿನವರು ಅದನ್ನು ಸಂಶಯಿಸಿದ್ದಾರೆ. ನನ್ನ ಗಮಕಿಯ ವಿಷಯದಲ್ಲಿ ಸಂಶಯಕ್ಕೆಡೆಯಿಲ್ಲ. ನ್ಯಾಯವಾಗಿ ಹೇಳಬೇಕಾದರೆ, ದುರ್ಬೀನಿನ ಹಿಗ್ಗಿದ ಬಿಂಬದಲ್ಲಿ ಈ ನರ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತದೆ. ಕಿಂಡಿಯಿಂದ ಹೋಗಿದ್ದರೆ ಆಕೆಯ ತಾರಸ್ಥಾಯಿ ಉಳಿದಿರುತ್ತಿತ್ತೋ ಏನೋ.

ಕೊಪ್ಪದ ಯಜಮಾನರಿಗೆ ನಾನು ಇಷ್ಟನ್ನೂ ಹೇಳಲಿಲ್ಲ. "ಯಜಮಾನರೇ, ನಿಮ್ಮ ಮಗಳ ಗಂಟು ಎರಡಕ್ಕೂ ಒಗ್ಗುತ್ತದೆ. ಅರ್ಧ ಮಾತ್ರ ತೆಗೆಯುವುದರಿಂದ ಕ್ಯಾಲ್ಸಿಯಮ್ಮಿನ ಭಯ ಬೇಡ. ದೊಡ್ಡ ತೊಡಕುಗಳು ಎರಡರಲ್ಲೂ ಅವೇ. ಯಾರು ಮಾಡುತ್ತಾರೋ ಅವರನ್ನು, ಈ ಕ್ರಮದಲ್ಲಿ ಇದುವರೆಗೆ ಎಷ್ಟು ಮಾಡಿದ್ದೀರಿ, ಆಮೇಲೆ ಎಲ್ಲರ ಗಂಟಲನ್ನೂ ನೋಡಿದ್ದೀರಾ ಎಂದು ಕೇಳಿ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಿಮ್ಮನ್ನೇ ಮೊದ್ಲು ಕೇಳ್ತೀನಿ" ಎಂದರು. ಬೀರುವಿನಿಂದ ರಿಜಿಸ್ಟರನ್ನು ತೆಗೆದು ಓದಿ ಹೇಳಬೇಕಾಯಿತು, ಗಮಕಿಯ ಪುಟವನ್ನೂ ಸೇರಿಸಿ.

ಹುಡುಗಿ ಮುಖಮಾರ್ಗವನ್ನೇ ಆರಿಸಿಕೊಂಡಳು. ನನ್ನ ಹಳೆಯ ಶಿಷ್ಯನೊಬ್ಬನು, ಅದರಲ್ಲಿ ಕೈ ಪಳಗಿದವನು, ಮಾಡಿದನು. ಗಂಟು ಸಾಧುವೆಂದು ತಿಳಿಯಿತು. ಮೂರು ತಿಂಗಳ ಮೇಲೆ ತಂದೆ ಮಗಳು ಇಬ್ಬರೂ ಸಿಪ್ಪೆಗೋಟಿನ ಒಂದು ಚೀಲದೊಡನೆ ನನ್ನನ್ನು ನೋಡಲು ಬಂದರು. ಕೊರಳ ಮೇಲೆ ಒಂದು ಗೆರೆಯೂ ಇರಲಿಲ್ಲ. ಬಿಡುಗಡೆಯ ಚೀಟಿಯಲ್ಲಿ ತೊಡಕುಗಳೆಂಬ ಕಡೆ 'ಇಲ್ಲ' ಎಂದಿತ್ತು. ಏನಮ್ಮ, ಎಲ್ಲ ಸರಿಯಾಗಿದೆಯೇ ಎಂದೆ. ಸರಿಯಾಗಿದೆ ಸಾರ್, ಎಂದವಳು ನೆನಪಾದಂತೆ ಹೇಳಿದಳು: ಆಪರೇಷನ್ ಆದ ಮೇಲೆ ಎಂಟು ವಾರ ಕೆಳತುಟಿ, ಗದ್ದ ಜೋಮು ಹಿಡಿದಿತ್ತು, ಕಾಫಿ ಕುಡಿಯುವಾಗ ಲೋಟದ ಅಂಚು ತುಟಿಗೆ ತಾಗಿತೋ ಇಲ್ಲವೋ ತಿಳಿಯದೆ ಎರಡು ಸಲ ಸೀರೆಯ ಮೇಲೆ ಚೆಲ್ಲಿಕೊಂಡಿದ್ದಳು. ಈಗ ಏನೂ ಇಲ್ಲ. ನಾನು ಪೆನ್ನು ತೆಗೆದುದನ್ನು ಕಂಡು, "ಅದನ್ಯಾಕೆ ಬರ್ಕೊಳ್ತೀರಿ ಸಾರ್, ಹೋಯ್ತಲ್ಲ" ಎಂದು ನಕ್ಕಳು.

ಬರೆದುಕೊಂಡೆ, ಸಂಜೆ ಶಿಷ್ಯನಿಗೂ ಫೋನು ಮಾಡಿ ಬರೆಸಿದೆ.